ಕೆಂಪು ಹೆಲ್ಮೆಟ್ಟಿನವನಿಗೆ ಹೆಣ್ಣು ಗೊತ್ತಾದದ್ದು

ಅವ್ವನ ಸ್ವಂತ ತಮ್ಮ, ನನ್ನ ಮಾಮ, ನನಗಿಂತ ಆರು ವರ್ಷಕ್ಕೆ ದೊಡ್ಡವನು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರು ಅವನ ಮೊಬೈಲ್ ಕವರಿನ ಅಂಗಡಿ. ಅದರ ಮೂಲೆಯಲ್ಲಿ ಯಾರಿಗೂ ಬೇಡವಾದ ಸೀಡಿಗಳ ಒಂದು ರಟ್ಟಿನ ಡಬ್ಬಿ ಉಳಿದಿತ್ತು. ಎರಡು ವರ್ಷ, ಪ್ರತಿ ಭಾನುವಾರ, ಅದರಲ್ಲೊಂದನ್ನು ಹಿಡಿದುಕೊಂಡು ರಾಜೇಶ್ವರ ದಾಟಿ ಬಸವಕಲ್ಯಾಣದ ನಮ್ಮ ಮನೆಗೆ ಬರುತ್ತಿದ್ದ.

ಎಲ್ಲವೂ ಜಪಾನಿನ ಟಿವಿ ವೀರರ ಕಥೆಗಳು. ಐದು ಬಣ್ಣದ ಐದು ಮಂದಿ, ತಲೆಗೆ ಹೆಲ್ಮೆಟ್ಟು, ಎದುರಿಗೊಬ್ಬ ರಬ್ಬರಿನ ರಾಕ್ಷಸ. ಕವರಿನ ಮೇಲೆ ಮಾತ್ರ ಆರು ಮಂದಿ ಇರುತ್ತಿದ್ದರು. ಆ ಆರನೆಯವನು ಒಳಗೆ ಒಂದು ದಿನವೂ ಕಾಣಿಸಲಿಲ್ಲ. ಈ ಅಗ್ಗದ ಸೀಡಿ ಮಾಡಿದ ಪುಣ್ಯಾತ್ಮ ಒಂದರಲ್ಲೇ ಇಪ್ಪತ್ತು ಕಂತು ತುರುಕಲು ಮಾತುಕತೆಯನ್ನೆಲ್ಲ ಕತ್ತರಿಸಿ ಹೊಡೆದಾಟವನ್ನಷ್ಟೇ ಉಳಿಸಿದ್ದ. ಚಿತ್ರ ಅಡ್ಡಕ್ಕೆ ಹಿಗ್ಗಿ, ಲೋಕ ಕಾಯುವವರೆಲ್ಲ ಕುಳ್ಳಗೆ ದಪ್ಪಗೆ ಕಾಣುತ್ತಿದ್ದರು. ಹೆಣ್ಣು ಗಂಡೆನ್ನದೆ ಎಲ್ಲರಿಗೂ ಹಿಂದಿಯಲ್ಲಿ ಒಬ್ಬನೇ ಗಂಡಸಿನ ದನಿ. ಅವನಿಗೆ ನೆಗಡಿ ಬೇರೆ.

ಹೊಡೆದಾಟ ಜೋರಾದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಅದು ರಾಕ್ಷಸನ ಮಂತ್ರವೆಂದೇ ಅವ್ವ ನಂಬಿದ್ದಳು. ಮಾಮ ಸೀಡಿ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದರೆ ವೀರರು ಎದ್ದು ನಿಲ್ಲುತ್ತಿದ್ದರು.

"ನನ್ನ ತಮ್ಮ ಇಲ್ಲಂದ್ರ ಐದೂ ಮಂದಿ ಸತ್ತೇ ಹೋಗತಿದ್ರು," ಎನ್ನುತ್ತಿದ್ದಳು ಅವ್ವ.

ಯಾರು ಯಾರಿಗೆ ಏನಾಗಬೇಕೆಂದು ಆ ಸೀಡಿಗಳಿಂದ ತಿಳಿಯುವಂತಿರಲಿಲ್ಲ. ನಂಟು ಗೊತ್ತಿಲ್ಲದವರನ್ನು ಅವ್ವ ಎರಡು ನಿಮಿಷವೂ ನೋಡಲಾರಳು, ತಾನೇ ಹಂಚಿದಳು. ನೀಲಿಯವನು ಬೀಗರ ಕಡೆಯವನು. ಹಳದಿಯವನು ಮನೆ ಅಳಿಯ, ಅದಕ್ಕೇ ಯಾವಾಗಲೂ ಹಿಂದೆ ನಿಲ್ಲುತ್ತಾನೆ. ಗುಲಾಬಿಯವಳು ಕೆಂಪು ಹೆಲ್ಮೆಟ್ಟಿನವನ ಅಕ್ಕನ ಮಗಳು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ರೂಢಿ. ಅಂದ ಮೇಲೆ ಕೊನೆಯ ಸೀಡಿಯಲ್ಲಿ ಅವರ ಮದುವೆ ಆಗಲೇಬೇಕು.

"ನೋಡು, ಅಕಿ ಹ್ಯಾಂಗ ಮಾಮನ ಹಿಂದಿಂದ ಓಡಾಕತ್ತಾಳ," ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಮಾಮನಿಗೇ ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ನಿಶ್ಚಯಿಸಿದ್ದಳು. ತಾಯಿ ಇಲ್ಲದ ಮಾಮ ಬೆಳೆದದ್ದು ನಮ್ಮ ಮನೆಯಲ್ಲೇ. ನನ್ನ ಮೂಗು ಒರೆಸಿದವನು, ಸೈಕಲ್ ಕಲಿಸಿದವನು. ಅವನು ನನಗೆ ಅಣ್ಣನಿದ್ದಂತೆ, ನನ್ನಿಂದಾಗದು ಎಂದು ಎಷ್ಟು ಅತ್ತರೂ, "ಮಾಮ ಅಣ್ಣ ಹ್ಯಾಂಗ ಆಗ್ತಾನ?" ಎಂದು ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮುಂದಿನ ತಿಂಗಳು ನಿಶ್ಚಿತಾರ್ಥವೆಂದೂ ಊರಿಗೆಲ್ಲ ಹೇಳಿಬಿಟ್ಟಳು. ಮಾಮ ಅಕ್ಕನೆದುರು ತುಟಿ ಬಿಚ್ಚಲಿಲ್ಲ. ಅವನ ಮೇಲೂ ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಆ ಭಾನುವಾರ ಅವನು ಎಲ್ಲಿಂದಲೋ ಅದೇ ಕಥೆಯ ಅಸಲಿ ಸೆಟ್ಟು ತಂದ. ಚಿತ್ರ ಎಷ್ಟು ಸ್ವಚ್ಛವೆಂದರೆ ರಾಕ್ಷಸನ ಬೆನ್ನಿನ ಜಿಪ್ಪು ಕಾಣುತ್ತಿತ್ತು.

"ಇವನ ಮಂತ್ರ ಎಲ್ಲಿ ಹೋಯ್ತೋ?" ಎಂದು ಅವ್ವ ಬೇಜಾರು ಮಾಡಿಕೊಂಡಳು.

ಇದರ ಹಿಂದಿಯಲ್ಲಿ ಮಾತುಕತೆಯೂ ಇತ್ತು, ಹೆಣ್ಣಿಗೆ ಹೆಣ್ಣಿನದೇ ದನಿಯಿತ್ತು. ಹೊಡೆದಾಟ ಮುಗಿದ ಮೇಲೆ ಕೆಂಪಿನವನು ಹೆಲ್ಮೆಟ್ಟು ತೆಗೆದ. ಗುಲಾಬಿಯವಳೂ ತೆಗೆದಳು. ಅವನ ಗಾಯಕ್ಕೆ ಬಟ್ಟೆ ಕಟ್ಟುತ್ತ "ಭೈಯಾ" ಎಂದಳು.

ಭೈಯಾ ಎಂದರೆ ಅಣ್ಣ ಎಂದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಶೇಂಗಾ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು. ಮತ್ತೆ ತೋರಿಸು ಎಂದಳು. ಮಾಮ ತೋರಿಸಿದ. ಮೂರನೆಯ ಸಲವೂ ಆ ಹುಡುಗಿ ಅದನ್ನೇ ಹೇಳಿದಳು.

"ನಾ ಅಣ್ಣ ತಂಗಿಗಿ ಲಗ್ನ ಗೊತ್ತ ಮಾಡಿದ್ನಲ್ಲೋ!" ಎಂದು ಅವ್ವ ತಲೆಯ ಮೇಲೆ ಕೈ ಹೊತ್ತಳು. ಟಿವಿಗೆ ಕೈಮುಗಿದು ತಪ್ಪಾಯಿತೆಂದು ಗಲ್ಲ ಬಡಿದುಕೊಂಡಳು.

ಮಾಮ ರಿಮೋಟನ್ನೇ ನೋಡುತ್ತ ಹೇಳಿದ: "ಅಕ್ಕಾ, ಹಿಂದ ಗೆಳ್ಯಾನ ಮನ್ಯಾಗ ನೋಡಿದ್ದೆ, ಇದನ್ನ ನಿನಗ ತೋರಸಬೇಕಂತ ಎರಡು ವರ್ಷದಿಂದ ಸೀಡಿ ತರಾಕತ್ತೇನಿ. ಒಂದರಾಗೂ ಈ ಮಾತು ಉಳಿಸಿರಲಿಲ್ಲ."

ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಅವನು ಜಪಾನಿನವರ ಕೈಲಿ ಹೇಳಿಸಲು ಒದ್ದಾಡಿದ್ದ! ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು: "ನೀ ಅಷ್ಟ ಅತ್ತಿದ್ದಿ. ನಾ ಯಾಕ ಕೇಳಲಿಲ್ಲ ತಾಯಿ?"