ತೂಬಿನ ಅರ್ಗೀರಿಸ್

ಅರ್ಗೀರಿಸನಿಗೆ ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದು ಅವನ ಮೂಗು. ಮಳೆ ಬರುವುದನ್ನು ವಾಸನೆಯಲ್ಲೇ ಹೇಳಿಬಿಡುತ್ತಿದ್ದ. ಗ್ರೀಸಿನ ಮೆಸ್ಸಿನಿಯಾ ಸೀಮೆಯ ಆ ಊರಿನ ಆಲಿವ್ ಗಾಣ ಉಗುಳಿದ ಕಪ್ಪು ನೀರು ಹಿತ್ತಿಲ ಹೊಂಡದಲ್ಲಿ ತುಂಬುತ್ತಿತ್ತು. ಜೋರು ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ, ಗಾಣದ ಆಳಾದ ಅವನು ತೂಬಿನ ಚಕ್ರ ತಿರುಗಿಸಿ ಅದನ್ನು ಹೊಳೆಗೆ ಬಿಡಬೇಕು. ಉಕ್ಕುವ ಹೊಳೆ ಎಲ್ಲವನ್ನೂ ಸಮುದ್ರಕ್ಕೆ ಹೊತ್ತೊಯ್ಯುತ್ತಿತ್ತು. ಮೀನು ಸತ್ತದ್ದು, ದಂಡೆಯ ಬಾವಿಗಳು ನಾರಿದ್ದು ಊರಿಗೆಲ್ಲ ಗೊತ್ತು. ಎಲ್ಲರ ಕಾಯಿಯೂ ಅದೇ ಗಾಣಕ್ಕೆ ಬರುತ್ತಿತ್ತಲ್ಲ, ಬಾಯಿ ಬಿಡುವವರು ಯಾರು?

ಆ ಜನವರಿ ಐದರ ಮಧ್ಯಾಹ್ನ ಮೂಗು ಕೈಕೊಟ್ಟಿತು. ಮೋಡ ಕಟ್ಟಿತ್ತು, ಹೊಂಡ ತುಳುಕುತ್ತಿತ್ತು, ತೂಬು ತೆಗೆದ. ಒಂದು ಹನಿಯೂ ಬೀಳಲಿಲ್ಲ; ಕಪ್ಪು ನೀರೆಲ್ಲ ಹೊಳೆಯಲ್ಲೇ ನಿಂತಿತು. ಮರುದಿನ ನೀರಿನ ಹಬ್ಬ ಬೇರೆ! ಪಾದ್ರಿ ಹೊಳೆಯ ಮಡುವಿಗೆ ಹಿತ್ತಾಳೆಯ ಶಿಲುಬೆ ಎಸೆಯಬೇಕು, ಮುಳುಗಿ ತಂದವನು ಅದನ್ನು ಮನೆಮನೆಗೆ ಒಯ್ಯಬೇಕು. ಸಿಗದಿದ್ದರೆ ಊರಿಗೆ ವರ್ಷವಿಡೀ ಕೇಡು. ಆ ಕೇಡು ಈಗ ಅರ್ಗೀರಿಸನ ತಲೆಗೇ.

ಮಡು ಕಾಫಿ ಗಸಿಯಂತಿತ್ತು. ಪಾದ್ರಿ ಮೂಗು ಮುಚ್ಚಿಕೊಂಡೇ ಶಿಲುಬೆ ಎಸೆದ. ಮುಳುಗಿದ ಐವರೂ ಕೆಮ್ಮುತ್ತ ಬರಿಗೈಲಿ ಎದ್ದರು.

"ಯಾವ ಪಾಪಿ ಮಾಡಿದ್ದು ಇದನ್ನ? ಅವನ ಕೈ ಸೇದಿಹೋಗ!" ಎಂದಳು ಮುದುಕಿ ಗಾರೂಫೊ.

ಅರ್ಗೀರಿಸನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂಗಿ ಬಿಚ್ಚತೊಡಗಿದ.

"ಏನ್ರೀ, ಈ ವಯಸ್ಸಲ್ಲಿ ಹುಚ್ಚು ಹಿಡೀತಾ? ಸತ್ತೇ ಹೋಗ್ತೀರಿ!" ಹೆಂಡತಿ ಮೆಲ್ಪೊ ತೋಳು ಹಿಡಿದಳು.

"ಬಿಟ್ಟಿದ್ದು ನಾನೇ ಕಣೇ. ನಾನೇ ತರ್ತೀನಿ." ಎಲ್ಲರಿಗೂ ಕೇಳಿಸುವಂತೆಯೇ ಹೇಳಿದ.

ಮೂರನೇ ಸಲ ಮುಳುಗಿದಾಗ ಕೆಸರಲ್ಲಿ ಬೆರಳಿಗೆ ಶಿಲುಬೆ ತಗುಲಿತು. ಕಣ್ಣು ಉರಿಯುತ್ತ, ಮೈಯೆಲ್ಲ ಕಪ್ಪಾಗಿ ಮೇಲೆ ಬಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾಣದ ಯಜಮಾನ ಕನೆಲ್ಲೋಸ್ ಮಾತ್ರ ನಕ್ಕ. "ಭಲೇ! ಮೊದಲು ನಮ್ಮನೆಗೆ ತಾರಯ್ಯ."

ಅರ್ಗೀರಿಸ್ ಯಾರ ಮನೆಗೂ ಹೋಗಲಿಲ್ಲ. ನೆಟ್ಟಗೆ ಗಾಣದ ಹಿತ್ತಿಲಿಗೆ ನಡೆದು, ಸೊಂಟದ ಬೆಲ್ಟು ಬಿಚ್ಚಿ, ಶಿಲುಬೆಯನ್ನು ತೂಬಿನ ಚಕ್ರಕ್ಕೆ ಬಿಗಿದು ಕಟ್ಟಿದ. ಊರೇ ಹಿಂದೆ ಬಂದಿತ್ತು.

"ತಲೆ ಕೆಟ್ಟಿದ್ಯೇನೋ? ಹೊಂಡ ನಾಳೆ ತುಂಬುತ್ತೆ. ಬಿಚ್ಚೋ!" ಕನೆಲ್ಲೋಸ್ ಕೂಗಾಡಿದ. "ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ನೀವೇ ಬಿಚ್ಚಿ, ಧಣಿ."

ಕನೆಲ್ಲೋಸ್ ಕೈ ಚಾಚಿದ. ಪಾದ್ರಿಯತ್ತ ನೋಡಿದ. ಚಾಚಿದ ಕೈಯಲ್ಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹಿಂದೆ ಸರಿದ.

ಮರುದಿನ ಧೋ ಎಂದು ಮಳೆ ಹೊಡೆಯಿತು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಅರ್ಗೀರಿಸನ ಕೈ ಅಭ್ಯಾಸಬಲದಿಂದ ಕೋಟಿನತ್ತ ಹೋಯಿತು. ಅಷ್ಟರಲ್ಲಿ, ಹೊಂಡದ ನೀರು ತುಂಬಿಸಿಕೊಳ್ಳಲು ಗಾಣದ ಕಡೆ ಟ್ಯಾಂಕರ್ ಏರಿಹೋಗುವ ಸದ್ದು ಕೇಳಿಸಿತು.