ದೊಡ್ಡಪತ್ರೆಯ ಬೆಟ್ಟಮ್ಮ

ಬೆಟ್ಟಮ್ಮನಂಥ ಜಂಬಗಾತಿಯನ್ನು ನಾನು ನೋಡಿಲ್ಲ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ದೊಡ್ಡಪತ್ರೆಯ ಗುಣಗಳ ಕುರಿತು ನಾನು ಸಂಶೋಧನೆ ಮಾಡುತ್ತಿದ್ದಾಗ, ಶ್ರೀರಾಂಪುರದ ತನ್ನ ಹಿತ್ತಲಿನಿಂದ ದಿನವೂ ನನ್ನ ಪ್ರಯೋಗಾಲಯಕ್ಕೆ ಸೊಪ್ಪು ತರುತ್ತಿದ್ದಳು. ಬುಟ್ಟಿ ಇಳಿಸುವ ಮೊದಲೇ, "ನಾನಿಲ್ದಿದ್ರೆ ನಿಮ್ ಗಾಜಿನ್ ಬುಡ್ಡಿ ಎಲ್ಲಾ ಖಾಲಿ ಕಣ್ರವ್ವ" ಎನ್ನುತ್ತಿದ್ದಳು. ಮಗುವಿನ ಕೆಮ್ಮಿಗೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಬೇಕು, ಅಜೀರ್ಣಕ್ಕೆ ಮೆಣಸು ಜೀರಿಗೆ ಹಾಕಿ ಚಟ್ನಿ ಅರೆಯಬೇಕು ಎಂದು ದಿವಾನರಂತೆ ಅಪ್ಪಣೆ ಕೊಡಿಸುವಳು, ನಾನು ಬರೆದುಕೊಳ್ಳುತ್ತಿದ್ದೆ. ಪ್ರಬಂಧ ಅಚ್ಚಾಗಿ ಬಂದ ದಿನ ಸೆರಗಿಗೆ ಕೈ ಒರೆಸಿಕೊಂಡು, "ನನ್ನೆಸ್ರು ಎಲ್ಲೈತೆ, ತೋರ್ಸಿ" ಎಂದಳು. ನಾನು ಅವಳ ಹೆಸರನ್ನು ಎಲ್ಲಿಯೂ ಹಾಕಿರಲಿಲ್ಲ. ಅವಳಿಗೆ ಓದು ಬಾರದು. ಹೇಳಲು ನಾಚಿಕೆಯಾಗುತ್ತದೆ, ಗಿಡದ ಲ್ಯಾಟಿನ್ ಹೆಸರಿನ ಮೇಲೆ ಬೆರಳಿಟ್ಟು "ಇಲ್ಲಿದೆ" ಎಂದೆ. ಬೆಟ್ಟಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಗಾಬರಿಯಿಂದ ಕೇಳಿದಳು: "ನಿಮ್ಮೆಸ್ರೂ ಹಾಕವ್ರಾ, ಅವ್ವಾ? ಬಿಟ್ಟಿದ್ರೆ ಹೇಳಿ, ನಾನ್ ಹೋಗಿ ಕೇಳ್ತೀನಿ."