ಹನ್ನೆರಡರಲ್ಲಿ ನನ್ನ ಪಾಲಿನ ಆರು

ಚಿತ್ರದುರ್ಗದ ಹಳೇ ಪೇಟೆಯಲ್ಲಿ ನನ್ನ ಗೆಳೆಯನ ಹಾಸಿಗೆ ಅಂಗಡಿ ಇತ್ತು. ಅವನು ಅಬ್ಬಾ ಎಂದು ಕರೆಯುತ್ತಿದ್ದ ತಂದೆ ತೀರಿಕೊಂಡ ಮೇಲೆ ಅವರ ಹೆಸರನ್ನೇ ಅಂಗಡಿಯ ಅಂತರ್ಜಾಲ ವಿಳಾಸವಾಗಿ ಇಡಬೇಕೆಂದು ಅವನಿಗೆ ಆಸೆಯಾಯಿತು. ಬ್ಲಾಕ್‌ಚೈನ್ ಮೇಲೆ ಇಡು ಎಂದವನು ನಾನು. ಮಾಮೂಲಿ ಹೆಸರು ಯಾವುದೋ ಕಂಪನಿಯ ದಫ್ತರದಲ್ಲಿರುತ್ತದೆ, ಅವರು ಬೇಕೆಂದಾಗ ಹೊಡೆದುಹಾಕಬಹುದು. ಇಲ್ಲಿ ಅದೇ ದಫ್ತರದ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಕೀಲಿ ಇದ್ದವನು ಬಿಟ್ಟರೆ ಯಾರೂ ತಿದ್ದಲಾರರು. ವರ್ಷವರ್ಷ ನವೀಕರಿಸಬೇಕಿಲ್ಲದ ಬಗೆಯದನ್ನೇ ಕೊಂಡು, ಆ ಹೆಸರಿನಡಿ ಅಂಗಡಿ ಇರುವ ಬೀದಿಯ ವಿಳಾಸವನ್ನೂ ಹಾಕಿದೆವು.

ಕೀಲಿಯೆಂದರೆ ಹನ್ನೆರಡು ಇಂಗ್ಲಿಷ್ ಪದಗಳು, ಕೊಟ್ಟ ಕ್ರಮದಲ್ಲೇ. ಎಲ್ಲರೂ ಅದನ್ನು ಬರೆದಿಡುತ್ತಾರೆ. ಗೆಳೆಯ ಚಿಕ್ಕಂದಿನಲ್ಲೇ ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿದವನು, ಕಾಗದವನ್ನು ನಂಬುವವನಲ್ಲ. ಅವನ ತಂದೆ ಮತ್ತು ಅವರ ಪಾಲುದಾರರು ಬೀರುವಿಗೆ ಎರಡು ಬೀಗ ಹಾಕಿ ಒಬ್ಬೊಬ್ಬರು ಒಂದೊಂದು ಕೀಲಿ ಇಟ್ಟುಕೊಳ್ಳುತ್ತಿದ್ದರಂತೆ. ಹಾಗೆಯೇ ಅವನು ಮೊದಲ ಆರು ಪದ ತನಗೆ, ಉಳಿದ ಆರು ನನಗೆ ಎಂದು ಹಂಚಿದ, ಎಲ್ಲೂ ಬರೆಯಗೊಡಲಿಲ್ಲ.

ಬಾಯಿಪಾಠ ಮಾಡಿದವರು ಒಬ್ಬರಿಗೊಬ್ಬರು ಒಪ್ಪಿಸುತ್ತಲೇ ಇರುತ್ತಾರೆ. ಅವನೂ ಶುಕ್ರವಾರಗಳಂದು ಕೇಳುತ್ತಿದ್ದ: “ನಿನ್ನವು ಒಪ್ಸಪ್ಪ, ಕೇಳ್ತೀನಿ.” ಗುಟ್ಟನ್ನು ಬಾಯಿಬಿಟ್ಟು ಹೇಳಿದರೆ ಗುಟ್ಟು ಹೇಗಾಗುತ್ತದೆ ಎಂದು ವಾದಿಸಿ ನಾನು ಒಪ್ಪಿಸದೆ ತಪ್ಪಿಸಿಕೊಳ್ಳುತ್ತಿದ್ದೆ. “ಲೇ, ನಿಂಗೆ ಓದು ಜಾಸ್ತಿ ಆಗೈತೆ,” ಎನ್ನುತ್ತಿದ್ದ. ಪ್ರತಿ ಶುಕ್ರವಾರವೂ ಕೇಳಿದನೋ, ಎರಡೇ ಸಲ ಕೇಳಿದನೋ, ಈಗ ಹೇಳಲಾರೆ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಅವನು ಹಿರಿಯೂರಿಗೆ ಹೋಗಿ ಅಲ್ಲಿ ಅಂಗಡಿ ಹಾಕಿದ. ಹೊಳಲ್ಕೆರೆಯ ಒಂದು ಕುಟುಂಬ ಮದುವೆಯ ಹಾಸಿಗೆ ಮಾಡಿಸಲು ಅಂತರ್ಜಾಲದಲ್ಲಿದ್ದ ಹಳೆಯ ವಿಳಾಸಕ್ಕೆ ಹೋಗಿ, ಒಡೆದ ಗೋಡೆ ನೋಡಿ ಹಿಂತಿರುಗಿತ್ತು. ವಿಳಾಸ ತಿದ್ದಲೆಂದು ನಾವಿಬ್ಬರೂ ಕೂತೆವು.

ಅವನು ತನ್ನ ಆರನ್ನು ತಡೆಯದೆ ಒತ್ತಿದ. ನಾನೂ ಆರು ಪದ ಒತ್ತಿದೆ. ತೆರೆಯಲಿಲ್ಲ. ಹಿಂದುಮುಂದು ಮಾಡಿದೆ, ಬೇರೆ ಪದ ಹಾಕಿದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ನಿಜವಾಗಿ ನೆನಪಿದ್ದವು ಎರಡೇ ಎಂದು ಗೊತ್ತಾಯಿತು. ಉಳಿದ ನಾಲ್ಕು ಕೀಲಿಗೆ ಬಳಸುವ ಪದಗಳ ಪಟ್ಟಿಯಲ್ಲೇ ಇರಲಿಲ್ಲ, ಯಾವಾಗಲೋ ನಾನೇ ಕಟ್ಟಿಕೊಂಡವು. ಅವೂ ಅಷ್ಟೇ ಸ್ಪಷ್ಟವಾಗಿ ಕಿವಿಯಲ್ಲಿದ್ದವು. ಎಲ್ಲರ ಮಾತಿಗೂ ಪುರಾವೆ ಕೇಳುವ ನಾನು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

ಯಾರಿಗಾದರೂ ಅರ್ಜಿ ಕೊಡಬಹುದೇ ಎಂದು ಅವನು ಕೇಳಿದ. ಅರ್ಜಿ ತೆಗೆದುಕೊಳ್ಳುವವರೇ ಇಲ್ಲ ಎಂದೆ. ಅಳಿಸಿಯಾದರೂ ಹಾಕಬಹುದೇ? ಅದಕ್ಕೂ ಅದೇ ಹನ್ನೆರಡು ಪದ ಬೇಕು. ನಾವಿಬ್ಬರೂ ಹೋದಮೇಲೂ ಅದು ಹಾಗೇ ಇರುತ್ತದೆ ಎಂದು ಹೇಳಬೇಕಾಯಿತು.



“ಹಂಗಾದ್ರೆ ಅಬ್ಬಾ ಹಳೇ ಅಂಗಡೀಲೇ ಇರ್ಲಿ ಬಿಡು,” ಎಂದ. ನನ್ನ ಕಡೆ ನೋಡಲಿಲ್ಲ.